ಬರುವುದು ಮಾರಿಯಲ್ಲ, ಮಾರಿಯ ವೇಷ: ಅಣಕು ಸೈಬರ್ ದಾಳಿಯ ಬಗ್ಗೆ ಸಹಕಾರಿಯೊಂದರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಮುಖ್ಯ ಕಚೇರಿ ಇರುವ ಪತ್ತಿನ ಸೌಹಾರ್ದ ಸಹಕಾರಿ. ಸುರಪುರ, ಕೆಂಭಾವಿ, ಹುಣಸಗಿ ಸೇರಿ ಐದು ಶಾಖೆಗಳಿವೆ. ಸುಮಾರು 30 ಕಂಪ್ಯೂಟರ್, ಒಂದು ಸರ್ವರ್. ಹಣ ಕೊಟ್ಟು ಕೊಂಡ ಆಂಟಿವೈರಸ್ ಇದೆ, ದಿನವೂ ಬ್ಯಾಕಪ್ ಆಗುತ್ತದೆ. ಹೈದರಾಬಾದಿನ ಕಂಪನಿಯೊಂದು ‘ನಿಮ್ಮ ಮೇಲೆ ನಾವೇ ರ‍್ಯಾನ್ಸಮ್‌ವೇರ್ (ಕಡತಗಳನ್ನು ತೆರೆಯಲಾಗದಂತೆ ಕೀಲಿ ಹಾಕಿ, ಬಿಡಿಸಲು ಹಣ ಕೇಳುವ) ದಾಳಿ ನಡೆಸಿ ಪರೀಕ್ಷಿಸಿ ಕೊಡುತ್ತೇವೆ’ ಎಂದು ಮುಂದೆ ಬಂದಿದೆ. ಹಿರಿಯ ನಿರ್ದೇಶಕರೊಬ್ಬರು ‘ಇದು ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತೆ’ ಎನ್ನುತ್ತಾರೆ. ಒಪ್ಪಬೇಕೆ, ಬೇಡವೆ? ಒಪ್ಪಿದರೆ ಏನನ್ನು ನೋಡಿಕೊಳ್ಳಬೇಕು?
— ವ್ಯವಸ್ಥಾಪಕರು, ಶಹಾಪುರ

ಉತ್ತರ: ಒಪ್ಪಿಕೊಳ್ಳಿ. ಆದರೆ ಕಂಪನಿ ಮುಂದಿಟ್ಟ ರೂಪದಲ್ಲಿ ಬೇಡ, ಈ ತಿಂಗಳೂ ಬೇಡ. ಅದಕ್ಕೆ ಮೊದಲು ನೀವೇ ಮಾಡಿ ಮುಗಿಸಬೇಕಾದ ಒಂದು ಕೆಲಸವಿದೆ. ನಿನ್ನೆಯ ಬ್ಯಾಕಪ್ಪನ್ನು ಒಂದು ಖಾಲಿ ಕಂಪ್ಯೂಟರಿಗೆ ಇಳಿಸಿ, ಅದರಿಂದ ಯಾರಾದರೂ ಒಬ್ಬ ಸದಸ್ಯರ ಪಾಸ್‌ಬುಕ್ ಮುದ್ರಿಸಿ ನೋಡಿ. ಅದು ಆಗದೆ ಹೋದರೆ ಹೊರಗಿನವರಿಗೆ ದುಡ್ಡು ಕೊಟ್ಟು ದಾಳಿ ಮಾಡಿಸಿಕೊಳ್ಳುವ ಅಗತ್ಯವೇ ಇಲ್ಲ. ನಿಮ್ಮ ದೊಡ್ಡ ದೋಷ ಆಗಲೇ ಕಂಡಿರುತ್ತದೆ.

ಹಿರಿಯ ನಿರ್ದೇಶಕರ ಅಂಜಿಕೆಯನ್ನು ತಳ್ಳಿಹಾಕಬೇಡಿ. ಭತ್ತ ಮಾರಿದ ದುಡ್ಡು, ಮಗಳ ಮದುವೆಗೆಂದು ಕೂಡಿಟ್ಟ ಠೇವಣಿ, ಪಿಗ್ಮಿಗೆ ದಿನವೂ ಕೊಟ್ಟ ಐವತ್ತು ರೂಪಾಯಿ, ಎಲ್ಲವೂ ಆ ಒಂದು ಸರ್ವರಿನಲ್ಲಿದೆ. ಅದರ ಮೇಲೆ ಯಾರೋ ಕೈ ಇಡುತ್ತೇವೆ ಎಂದಾಗ ಹೆದರದವರೇ ಹೊಣೆಗೇಡಿಗಳು. ಆದರೆ ಅವರ ಗಾದೆಗೆ ನನ್ನ ಉತ್ತರ ಇಷ್ಟು: ಸರಿಯಾಗಿ ನಡೆಸುವ ಅಣಕು ದಾಳಿಯಲ್ಲಿ ಮನೆಗೆ ಬರುವವನು ಮಾರಿಯ ವೇಷ ಹಾಕಿದ ಹಗಲುವೇಷಗಾರ. ನಿಜವಾದ ರ‍್ಯಾನ್ಸಮ್‌ವೇರ್ ಅಲ್ಲಿ ಇರುವುದೇ ಇಲ್ಲ, ಅದರ ನಡೆಗಳು ಮಾತ್ರ ಇರುತ್ತವೆ. ಪರೀಕ್ಷಕನ ಪ್ರೋಗ್ರಾಂ ತನ್ನದೇ ಒಂದು ಫೋಲ್ಡರ್ ಮಾಡಿಕೊಂಡು, ಅದರಲ್ಲಿ ತಾನೇ ನೂರಾರು ನಕಲಿ ಕಡತಗಳನ್ನು ತುಂಬಿ, ಅವಕ್ಕಷ್ಟೇ ಕೀಲಿ ಹಾಕುತ್ತದೆ. ಕೀಲಿಕೈ ಪರೀಕ್ಷಕನ ಹತ್ತಿರವೇ ಇರುತ್ತದೆ. ಪಕ್ಕದ ಕಂಪ್ಯೂಟರಿಗೆ ತಾನಾಗಿ ಹಬ್ಬುವ ಶಕ್ತಿ ಅದಕ್ಕೆ ಇರುವುದಿಲ್ಲ. ಕಂಪನಿಯವರು ‘ಅಸಲಿ ರ‍್ಯಾನ್ಸಮ್‌ವೇರ್ ಮಾದರಿ ತಂದು ಓಡಿಸುತ್ತೇವೆ’ ಎಂದರೆ ಚಹಾ ಕುಡಿಸಿ ಕಳುಹಿಸಿಬಿಡಿ. ಅದನ್ನು ಓಡಿಸುವ ಜಾಗ ಎಲ್ಲ ಜಾಲದಿಂದ ಕಡಿದಿಟ್ಟ ಪ್ರಯೋಗಾಲಯ, ನಿಮ್ಮ ಶಾಖೆಯಲ್ಲ.

ಈಗ ನಡೆಗಳು ಎಂದರೆ ಏನು ಎಂಬುದನ್ನು ಹೇಳಬೇಕು, ಏಕೆಂದರೆ ಆಡಳಿತ ಮಂಡಳಿಗೆ ಇದು ಅರ್ಥವಾದರೆ ಅರ್ಧ ಕೆಲಸ ಆದಂತೆ. ಪರದೆಯ ಮೇಲೆ ಹಣ ಕೇಳುವ ಚೀಟಿ ಕಾಣಿಸಿಕೊಳ್ಳುವ ಹೊತ್ತಿಗೆ ದಾಳಿ ಮುಗಿದುಹೋಗಿರುತ್ತದೆ. ಅದಕ್ಕೆ ಎಷ್ಟೋ ದಿನ ಮೊದಲೇ ಒಬ್ಬ ಗುಮಾಸ್ತರ ಇಮೇಲ್ ಮೂಲಕವೋ, ಅಂತರ್ಜಾಲಕ್ಕೆ ತೆರೆದಿಟ್ಟ, ದೂರದಿಂದಲೇ ಕಂಪ್ಯೂಟರ್ ನಡೆಸಲು ಬಿಡುವ ರಿಮೋಟ್ ಡೆಸ್ಕ್‌ಟಾಪ್ ಮೂಲಕವೋ ಕಳ್ಳ ಒಳಗೆ ಬಂದಿರುತ್ತಾನೆ. ಸದ್ದಿಲ್ಲದೆ ಓಡಾಡಿ, ಎಲ್ಲಕ್ಕೂ ಅಧಿಕಾರವಿರುವ ಪಾಸ್‌ವರ್ಡ್ ಹುಡುಕುತ್ತಾನೆ. ಆಂಟಿವೈರಸ್ಸನ್ನು ಆರಿಸುತ್ತಾನೆ. ಸದಸ್ಯರ ಮಾಹಿತಿಯನ್ನು ಹೊರಗೆ ಸಾಗಿಸಿಕೊಳ್ಳುತ್ತಾನೆ, ‘ಹಣ ಕೊಡದಿದ್ದರೆ ಬಯಲಿಗೆ ಹಾಕುತ್ತೇನೆ’ ಎಂದು ಆಮೇಲೆ ಬೆದರಿಸಲು. ವಿಂಡೋಸ್ ಇಟ್ಟುಕೊಂಡಿರುವ ಶ್ಯಾಡೋ ಕಾಪಿ ಎಂಬ ಹಳೆಯ ಪ್ರತಿಗಳನ್ನು ಅಳಿಸುತ್ತಾನೆ, ಕೈಗೆ ಸಿಕ್ಕ ಬ್ಯಾಕಪ್ಪನ್ನೂ ಅಳಿಸುತ್ತಾನೆ. ಕೀಲಿ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಅಮೆರಿಕದ ಮೈಟರ್ ಸಂಸ್ಥೆ ಈ ಒಂದೊಂದು ನಡೆಗೂ ಸಂಖ್ಯೆ ಕೊಟ್ಟು ‘ಅಟ್ಯಾಕ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುವ ಪಟ್ಟಿ ಮಾಡಿದೆ. ಅದರಲ್ಲಿ ಟಿ1490 ಎಂದರೆ ಮರಳಿ ಪಡೆಯುವ ದಾರಿಯನ್ನು ಮುಚ್ಚುವುದು, ಟಿ1486 ಎಂದರೆ ಕಡತಗಳಿಗೆ ಕೀಲಿ ಹಾಕುವುದು. ಅದೇ ಸಂಸ್ಥೆಯ ‘ಕಾಲ್ಡೆರಾ’, ರೆಡ್ ಕ್ಯಾನರಿ ಕಂಪನಿಯ ‘ಅಟಾಮಿಕ್ ರೆಡ್ ಟೀಮ್’ ಎಂಬ ಉಚಿತ ಸಾಧನಗಳು ಈ ನಡೆಗಳನ್ನು ಒಂದೊಂದಾಗಿ ಆಡಿ ತೋರಿಸುತ್ತವೆ.

ಪ್ರತಿ ನಡೆಯ ನಂತರ ಪರೀಕ್ಷಕ ಕೇಳಬೇಕಾದದ್ದು ಮೂರೇ ಮಾತು. ತಡೆಯಿತೆ? ತಡೆಯದಿದ್ದರೆ ಎಲ್ಲಾದರೂ ದಾಖಲಾಯಿತೆ? ದಾಖಲಾದದ್ದನ್ನು ಮನುಷ್ಯರು ಯಾರಾದರೂ ನೋಡಿದರೇ? ಮೊದಲ ಪ್ರಶ್ನೆಗೆ ಎಲ್ಲರೂ ಹಣ ಸುರಿಯುತ್ತಾರೆ. ನಮ್ಮ ಕಡೆಯ ಸಣ್ಣ ಸಂಸ್ಥೆಗಳು ಬೀಳುವುದು ಮೂರನೆಯದರಲ್ಲಿ.

ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಕಲಬುರಗಿಯ ಒಂದು ಹಣಕಾಸು ಸಂಸ್ಥೆಯಲ್ಲಿ ಎರಡನೇ ಶನಿವಾರ ಅಣಕು ದಾಳಿ ನಡೆಸಿದೆವು. ಕೌಂಟರ್ ಖಾಲಿ, ಫ್ಯಾನ್ ತಿರುಗುತ್ತಿತ್ತು, ವ್ಯವಸ್ಥಾಪಕರು ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಾಲ್ಕು ನೂರು ನಕಲಿ ಕಡತಗಳಿಗೆ ಕೀಲಿ ಬಿದ್ದದ್ದು ಅವರು ಚಹಾದ ಲೋಟ ಕೆಳಗಿಡುವಷ್ಟರಲ್ಲಿ. ಅದಾದ ಮೇಲೆ ನಡೆಸಿದ ಇನ್ನೊಂದು ನಡೆಯನ್ನು ಆಂಟಿವೈರಸ್ ಹಿಡಿಯಿತು, ಎಚ್ಚರಿಕೆಯನ್ನೂ ಕಳುಹಿಸಿತು. ಯಾರಿಗೆ? ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಗಿದ್ದ ಗುಮಾಸ್ತರೊಬ್ಬರ ಇಮೇಲಿಗೆ. ಆ ಪೆಟ್ಟಿಗೆ ತೆರೆಸಿ ನೋಡಿದಾಗ ಹಳೆಯ, ನಿಜವಾದ ಎಚ್ಚರಿಕೆಗಳು ಸಾಲಾಗಿ ಬಿದ್ದಿದ್ದವು, ಒಂದನ್ನೂ ಯಾರೂ ತೆರೆದಿರಲಿಲ್ಲ.

ಆಮೇಲೆ ಬ್ಯಾಕಪ್ ಕೇಳಿದೆವು. ದಿನವೂ ರಾತ್ರಿ ‘ಯಶಸ್ವಿ’ ಎಂದು ಬರುತ್ತದೆ ಎಂದು ಪರದೆ ತೋರಿಸಿದರು. ಹಾರ್ಡ್ ಡಿಸ್ಕ್ ಸರ್ವರಿನ ಹಿಂದೆಯೇ ಇತ್ತು. ಕೈ ಹಾಕಿ ಎಳೆದರೆ ಅದರ ವೈರಿನ ಮೇಲೆ ಬೆರಳಚ್ಚು ಮೂಡುವಷ್ಟು ಧೂಳು. ಅಂದರೆ ಒಂದು ದಿನವೂ ಅದನ್ನು ಬಿಚ್ಚಿಲ್ಲ. ಸರ್ವರಿಗೆ ಕೀಲಿ ಹಾಕುವವನಿಗೆ ಅದಕ್ಕೂ ಹಾಕಲು ಒಂದು ಕ್ಷಣ ಸಾಕಾಗುತ್ತಿತ್ತು. ಇರಲಿ, ಅದರಿಂದಲೇ ಖಾಲಿ ಕಂಪ್ಯೂಟರಿಗೆ ಲೆಕ್ಕವನ್ನು ಇಳಿಸಿದೆವು. ಸಂಜೆಯ ಹೊತ್ತಿಗೆ ಖಾತೆಗಳು ತೆರೆದವು, ಬಾಕಿ ಮೊತ್ತಗಳು ತಾಳೆಯಾದವು, ವ್ಯವಸ್ಥಾಪಕರು ನಿಟ್ಟುಸಿರು ಬಿಟ್ಟರು. ಪಾಸ್‌ಬುಕ್ ಮುದ್ರಿಸಿದಾಗ ಸದಸ್ಯರ ಹೆಸರಿನ ಜಾಗದಲ್ಲಿ ತಲೆಯ ಮೇಲೆ ಚುಕ್ಕೆ ಹೊತ್ತ ರೋಮನ್ ಅಕ್ಷರಗಳು, ಪೌಂಡ್ ಚಿಹ್ನೆಗಳು! ಹೆಸರುಗಳನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ತುಂಬಿದ್ದರು, ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಅದನ್ನು ಹಾಕುವ ಕಡತ ಎಲ್ಲಿದೆ ಎಂದು ಕೇಳಿದರೆ, ಸರ್ವರಿನ ಒಂದು ಫೋಲ್ಡರಿನಲ್ಲಿದೆ ಎಂಬ ಉತ್ತರ ಬಂತು. ನಿಜವಾದ ದಾಳಿಯಲ್ಲಿ ಕೀಲಿ ಬಿದ್ದಿರುತ್ತಿದ್ದ ಅದೇ ಸರ್ವರ್.

ನುಡಿ ಫಾಂಟ್ ಯಾವ ದೇಶದ ಯಾವ ಪರೀಕ್ಷಾ ಪಟ್ಟಿಯಲ್ಲೂ ಇಲ್ಲ. ಅದು ನಮ್ಮ ಕಚೇರಿಗಳಲ್ಲಿ ಮಾತ್ರ ಸಿಗುವ ತೊಡಕು, ಇಳಿಸಿ ನೋಡಿದಾಗಲೇ ಸಿಗುವ ತೊಡಕು. ಆದ್ದರಿಂದಲೇ ನಾನು ಬ್ಯಾಕಪ್ ಇದೆಯೇ ಎಂದು ಯಾರನ್ನೂ ಕೇಳುವುದಿಲ್ಲ, ಕೊನೆಯ ಸಲ ಯಾವ ದಿನ ಇಳಿಸಿ ನೋಡಿದಿರಿ ಎಂದು ಕೇಳುತ್ತೇನೆ.

ಇದು ಸಣ್ಣವರ ಪಾಡು ಮಾತ್ರ ಎಂದುಕೊಳ್ಳಬೇಡಿ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ದಾಳಿ ಉಕ್ರೇನಿನ ಒಂದು ಲೆಕ್ಕಪತ್ರ ಸಾಫ್ಟ್‌ವೇರಿನ ಅಪ್‌ಡೇಟ್ ಮೂಲಕ ಹೊರಟು, ಹಡಗು ಸಾಗಣೆಯ ದೈತ್ಯ ಮೆರ್ಸ್ಕ್ ಕಂಪನಿಯನ್ನು ನೆಲಕ್ಕೆ ಕೆಡವಿತು. ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಆ ಕಂಪನಿಯ ಟರ್ಮಿನಲ್ ಕೂಡ ನಿಂತುಹೋಯಿತು. ಯಾರು ಯಾವ ಕಂಪ್ಯೂಟರಿಗೆ ಲಾಗಿನ್ ಆಗಬಹುದು ಎಂದು ನಿರ್ಧರಿಸುವ ಅವರ ಡೊಮೇನ್ ಸರ್ವರುಗಳು ಸುಮಾರು 150 ಇದ್ದವು, ಒಂದರ ಪ್ರತಿ ಇನ್ನೊಂದರಲ್ಲಿ. ಒಂದು ಹೋದರೆ ಇನ್ನೊಂದಿದೆ ಎಂಬ ಭರವಸೆ. ಎಲ್ಲವೂ ಒಟ್ಟಿಗೆ ಅಳಿದವು, ಘಾನಾ ದೇಶದ ಕಚೇರಿಯ ಒಂದನ್ನು ಬಿಟ್ಟು. ಅದು ಉಳಿದದ್ದು ಅಲ್ಲಿ ಕರೆಂಟ್ ಹೋಗಿ ಅದು ಜಾಲದಿಂದ ಕಡಿದುಬಿದ್ದಿದ್ದರಿಂದ. ಬೇಸಿಗೆಯಲ್ಲಿ ಕರೆಂಟ್ ಹೋದಾಗಲೆಲ್ಲ ಶಪಿಸುವ ನಮಗೆ ಈ ಘಟನೆ ಬೇಗ ಅರ್ಥವಾಗಬೇಕು. ಜಾಲಕ್ಕೆ ಅಂಟಿಕೊಂಡಿರದ ಪ್ರತಿ ಮಾತ್ರ ಪ್ರತಿ. ಅವರಿಗೆ ಅದನ್ನು ಕರೆಂಟ್ ಕೊಟ್ಟಿತು, ನೀವು ಕೈಯಾರೆ ಮಾಡಿಕೊಳ್ಳಬೇಕು. ಎರಡು ಡಿಸ್ಕ್ ಇಟ್ಟುಕೊಳ್ಳಿ. ಶನಿವಾರ ಒಂದನ್ನು ಬಿಚ್ಚಿ ಸುರಪುರ ಶಾಖೆಯ ತಿಜೋರಿಗೆ ಕಳುಹಿಸಿ, ಅಲ್ಲಿದ್ದದ್ದನ್ನು ತರಿಸಿ ಹಚ್ಚಿ. ಡಿಸ್ಕಿಗೆ ಪಾಸ್‌ವರ್ಡ್ ಇರಲಿ, ಅದರಲ್ಲಿ ಸದಸ್ಯರ ಆಧಾರ್ ಪ್ರತಿಗಳೂ ಇರುತ್ತವೆ. ಆ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಲಕೋಟೆಗೆ ಅಂಟು ಹಚ್ಚಿ ಮುಖ್ಯ ಕಚೇರಿಯ ತಿಜೋರಿಯಲ್ಲಿಡಿ, ಡಿಸ್ಕಿನ ಜೊತೆಗಲ್ಲ.

ಈಗ ಕಂಪನಿಯಿಂದ ಏನು ಮಾಡಿಸಬೇಕು ಎಂಬ ವಿಷಯ. ಹೊರಗಿನಿಂದ ಬಾಗಿಲು ಮುರಿಯುವುದರಲ್ಲಿ ಅವರ ದಿನಗಳನ್ನು ವ್ಯರ್ಥ ಮಾಡಬೇಡಿ. ಒಂದಲ್ಲ ಒಂದು ದಿನ ಯಾರೋ ಒಳಗೆ ಬಂದೇ ಬರುತ್ತಾರೆ ಎಂದು ಇಟ್ಟುಕೊಂಡು, ಕೆಂಭಾವಿ ಶಾಖೆಯ ಸಾಮಾನ್ಯ ಗುಮಾಸ್ತರಿಗೆ ಇರುವಷ್ಟೇ ಅಧಿಕಾರದ ಒಂದು ಲಾಗಿನ್ ಕೊಟ್ಟು, ‘ಇಲ್ಲಿಂದ ಸರ್ವರ್ ತನಕ ಒಂದು ದಿನದಲ್ಲಿ ಹೋಗಿ ತೋರಿಸಿ’ ಎನ್ನಿ. ಕಡಿಮೆ ಖರ್ಚಿನಲ್ಲಿ ಹೆಚ್ಚು ಕಲಿಯುವ ದಾರಿ ಇದು. ಎಲ್ಲ ಶಾಖೆಗಳಲ್ಲೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಇದೆಯೇ, ವಿಂಡೋಸ್ 7 ಕಂಪ್ಯೂಟರ್ ಇನ್ನೂ ಮೂಲೆಯಲ್ಲಿ ಉಸಿರಾಡುತ್ತಿದೆಯೇ ಎಂಬುದು ಅಲ್ಲೇ ಹೊರಬೀಳುತ್ತದೆ. 2020ರ ಜನವರಿ 14ರಂದೇ ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ. 2017ರ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹಬ್ಬಿದ್ದು ಮಾರ್ಚ್ ತಿಂಗಳಲ್ಲೇ ತೇಪೆ (ಸರಿಪಡಿಸುವ ಅಪ್‌ಡೇಟ್) ಬಿಡುಗಡೆಯಾಗಿದ್ದ ವಿಂಡೋಸ್ ದೋಷದ ಮೂಲಕ, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಶ್ಯಾಡೋ ಕಾಪಿ ಅಳಿಸುವ ನಡೆ ಮಾತ್ರ ನಿಜಕ್ಕೂ ಅಳಿಸುತ್ತದೆ, ಅದನ್ನು ಬದಲಿ ಕಂಪ್ಯೂಟರಿನ ಮೇಲಷ್ಟೇ ಆಡಿಸಿ, ಸರ್ವರಿನ ಹತ್ತಿರ ಬಿಡಬೇಡಿ.

ಅವರು ಬರುವ ಮೊದಲೇ ನೀವು ಮಾಡಬಹುದಾದ ಒಂದು ಸಣ್ಣ ಪರೀಕ್ಷೆ ಇದೆ. ಐಕಾರ್ ಪರೀಕ್ಷಾ ಕಡತ ಎಂದು ಒಂದಿದೆ. ಅದರಲ್ಲಿರುವುದು 68 ಅಕ್ಷರಗಳು ಮಾತ್ರ, ಯಾವ ಹಾನಿಯೂ ಇಲ್ಲ. ಆದರೆ ಇದನ್ನು ವೈರಸ್ ಎಂದೇ ಹಿಡಿಯಬೇಕು ಎಂದು ಆಂಟಿವೈರಸ್ ತಯಾರಕರು ಒಪ್ಪಿಕೊಂಡಿದ್ದಾರೆ. ಒಂದು ಶಾಖೆಯಲ್ಲಿ ಅದನ್ನು ಇಳಿಸಿಕೊಂಡು, ಎಚ್ಚರಿಕೆ ಯಾರ ಮೊಬೈಲಿಗೆ, ಎಷ್ಟು ನಿಮಿಷಕ್ಕೆ ಬಂತು ಎಂದು ಬರೆದಿಟ್ಟುಕೊಳ್ಳಿ. ಗಂಟೆಯ ಹಗ್ಗ ಗಂಟೆಗೆ ಕಟ್ಟಿದೆಯೇ ಎಂದು ಎಳೆದು ನೋಡುವ ಕೆಲಸವಷ್ಟೇ ಇದು. ನಿಜವಾದ ಕಳ್ಳನನ್ನು ಆಂಟಿವೈರಸ್ ಹಿಡಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿಯಲ್ಲ.

ಕಾಗದದ ಕೆಲಸದಲ್ಲಿ ಸಡಿಲ ಬೇಡ. ಮಾಲೀಕರ ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ಕೈ ಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಂ ಪ್ರಕಾರ ಪರಿಹಾರ ಕಟ್ಟಿಕೊಡಬೇಕಾದ ತಪ್ಪು; ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಮಾಡಿದರೆ 66ನೇ ಕಲಂ ಪ್ರಕಾರ ಅಪರಾಧ. ಮೂರು ವರ್ಷದ ತನಕ ಜೈಲು ಅಥವಾ 5 ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಆದ್ದರಿಂದ ಆಡಳಿತ ಮಂಡಳಿಯ ಠರಾವು ಆಗಬೇಕು. ಯಾವ ಕಂಪ್ಯೂಟರ್, ಯಾವ ದಿನ, ಎಷ್ಟರಿಂದ ಎಷ್ಟು ಗಂಟೆ, ಏನು ಮಾಡಕೂಡದು, ‘ನಿಲ್ಲಿಸಿ’ ಎಂದು ಯಾರು ಹೇಳಿದರೆ ನಿಲ್ಲಬೇಕು, ಕೈಗೆ ಸಿಕ್ಕ ಮಾಹಿತಿಯನ್ನು ಯಾವಾಗ ಅಳಿಸಬೇಕು, ಎಲ್ಲವೂ ಸಹಿ ಮಾಡಿದ ಪತ್ರದಲ್ಲಿರಲಿ. ಲೆಕ್ಕದ ಸಾಫ್ಟ್‌ವೇರ್ ಮಾರಾಟಗಾರರ ಸರ್ವರಿನಲ್ಲಿ ಓಡುತ್ತಿದ್ದರೆ ನಿಮ್ಮ ಅನುಮತಿಯೊಂದೇ ಸಾಲದು, ಅವರದೂ ಬೇಕು. ಸೈಬರ್ ದಾಳಿಗಳ ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ತಾನು ಮಾನ್ಯ ಮಾಡಿದ ಸೈಬರ್ ಸುರಕ್ಷತಾ ಪರಿಶೋಧಕ ಕಂಪನಿಗಳ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಹಾಕಿದೆ. ಹೈದರಾಬಾದಿನವರು ಅದರಲ್ಲಿದ್ದಾರೆಯೇ ನೋಡಿ. ಇನ್ನೊಂದು ಕಿವಿಮಾತು: ದುರ್ಬಲತೆ ಹುಡುಕುವ ಸ್ಕ್ಯಾನರ್ ಓಡಿಸಿ, ಅದು ಉಗುಳಿದ ಇನ್ನೂರು ಪುಟಗಳಿಗೆ ರಟ್ಟು ಹಾಕಿ ‘ದಾಳಿ ಪರೀಕ್ಷೆ’ ಎಂದು ಕೊಡುವವರು ಬಹಳ ಇದ್ದಾರೆ. ಅದು ಬೇರೆ ಕೆಲಸ. ವರದಿಯ ಮಾದರಿ ಮೊದಲೇ ಕೇಳಿ. ಅದರಲ್ಲಿ ನಾನು ಹೇಳಿದ ಆ ಮೂರು ಪ್ರಶ್ನೆಗಳಿಗೆ ಗಂಟೆ-ನಿಮಿಷದ ಸಮೇತ ಉತ್ತರ ಇಲ್ಲದಿದ್ದರೆ ಬೇಡ.

ಮಾರಾಟಗಾರರ ಮಾತು ಬಂದದ್ದರಿಂದ ಹೇಳುತ್ತೇನೆ. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಕಂಪನಿಗೆ ರ‍್ಯಾನ್ಸಮ್‌ವೇರ್ ತಗುಲಿದಾಗ, ಅದು ಹರಡದಂತೆ, ಯುಪಿಐ ನಡೆಸುವ ಎನ್‌ಪಿಸಿಐ ಆ ಕಂಪನಿಯನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತವು, ಆ ಬ್ಯಾಂಕುಗಳದ್ದೇ ಸ್ವಂತ ತಪ್ಪಿಲ್ಲದೆ. ನಿಮ್ಮ ಸರ್ವರಿನಲ್ಲಿ ಸಾಫ್ಟ್‌ವೇರ್ ಹುಡುಗರು ರಿಪೇರಿಗೆಂದು ಹಾಕಿಟ್ಟ, ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಇದ್ದೇ ಇರುತ್ತದೆ. ಅದರ ಪಾಸ್‌ವರ್ಡ್ ಬದಲಾಗಿ ಎಷ್ಟು ದಿನವಾಯಿತು, ಎಷ್ಟು ಜನರಿಗೆ ಗೊತ್ತು ಎಂದು ಇಂದೇ ಕೇಳಿ. ಬೇಕಾದಾಗ ಮಾತ್ರ ತೆರೆದು, ಕೆಲಸವಾದ ಮೇಲೆ ಮುಚ್ಚಿ.

ಸಿಬ್ಬಂದಿಯ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಕಂಪನಿಯವರು ನಿಮ್ಮವರಿಗೆ ನಕಲಿ ಇಮೇಲ್ ಕಳುಹಿಸಿ ಯಾರು ಒತ್ತಿದರು ಎಂದು ಪಟ್ಟಿ ಕೊಡುತ್ತಾರೆ. ಆ ಪಟ್ಟಿ ಹೆಸರಿಲ್ಲದೆ ಬರಲಿ. ಒತ್ತಿದ ಗುಮಾಸ್ತೆಯನ್ನು ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿದರೆ, ನಿಜವಾದ ದಾಳಿಯ ದಿನ ಆಕೆ ಮಾಡುವ ಮೊದಲ ಕೆಲಸ ಮುಚ್ಚಿಡುವುದು. ಆ ಮುಚ್ಚಿಟ್ಟ ಎರಡು ತಾಸಿನಲ್ಲಿ ಐದೂ ಶಾಖೆ ಹೋಗುತ್ತವೆ. ಎಷ್ಟು ಮಂದಿ ಒತ್ತಿದರು ಎಂಬುದಕ್ಕಿಂತ ‘ಏನೋ ತಪ್ಪಾಗಿದೆ ಸರ್’ ಎಂಬ ಮೊದಲ ಫೋನ್ ಎಷ್ಟು ನಿಮಿಷಕ್ಕೆ ಬಂತು ಎಂಬುದನ್ನು ಅಳೆಯಿರಿ, ಆ ಫೋನ್ ಮಾಡಿದವರನ್ನು ಎಲ್ಲರೆದುರು ಹೊಗಳಿ. ನಕಲಿ ಪತ್ರದಲ್ಲಿ ನಿಬಂಧಕರ ಕಚೇರಿಯ ಹೆಸರಾಗಲಿ ಸರ್ಕಾರದ ಲಾಂಛನವಾಗಲಿ ಬಳಸಲು ಬಿಡಬೇಡಿ, ಅದು ಬೇರೆ ತೊಂದರೆ ತರುತ್ತದೆ. ಕನ್ನಡದಲ್ಲಿ ಬರೆದ ‘ಹೊಸ ವೇತನ ಪಟ್ಟಿ ಲಗತ್ತಿಸಿದೆ’ ಎಂಬ ಒಂದು ಸಾಲು ಸಾಕು.

ಆಮೇಲೆ ಯಂತ್ರವಿಲ್ಲದ ದಿನದ ಅಭ್ಯಾಸ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಕೀಲಿ ಬಿದ್ದಾಗ, ಹೊರರೋಗಿಗಳ ಚೀಟಿಯಿಂದ ಹಿಡಿದು ಪ್ರಯೋಗಾಲಯದ ವರದಿ ತನಕ ದಿನಗಟ್ಟಲೆ ಕೈಬರಹದಲ್ಲೇ ನಡೆಯಿತು. ನಿಮ್ಮಲ್ಲಿ ಹಾಗಾದರೆ ಬೆಳಿಗ್ಗೆ ಮೊದಲು ಬಂದು ನಿಲ್ಲುವವರು ಪಿಗ್ಮಿ ಏಜೆಂಟರು. ಅವರ ಕೈಯಂತ್ರಕ್ಕೆ ದಿನವೂ ಸರ್ವರಿನಿಂದ ಖಾತೆಗಳನ್ನು ತುಂಬಬೇಕು, ನಿನ್ನೆಯ ವಸೂಲಿಯನ್ನು ಇಳಿಸಿಕೊಳ್ಳಬೇಕು. ಸರ್ವರ್ ಇಲ್ಲ. ಯಂತ್ರವನ್ನು ಹಚ್ಚಬೇಕೆ, ಬೇಡವೆ? ಬೇಡ, ಆದರೆ ಅದನ್ನು ಅವರಿಗೆ ಯಾರು ಹೇಳುತ್ತಾರೆ? ಕಾಗದದ ರಸೀದಿ ಪುಸ್ತಕ ಎಲ್ಲಿದೆ? ಠೇವಣಿ ಮುರಿಸಲು ಬಂದ ರೈತನಿಗೆ ಯಾವ ಬಾಕಿ ನೋಡಿ ಹಣ ಕೊಡುತ್ತೀರಿ? ಇದಕ್ಕೆ ಕಂಪ್ಯೂಟರೇ ಬೇಕಿಲ್ಲ. ವ್ಯವಸ್ಥಾಪಕರು, ಶಾಖಾಧಿಕಾರಿಗಳು, ಇಬ್ಬರು ನಿರ್ದೇಶಕರು ಒಂದು ಮೇಜಿನ ಸುತ್ತ ಎರಡು ಗಂಟೆ ಕುಳಿತು, ಒಬ್ಬರು ಅರ್ಧ ಗಂಟೆಗೊಮ್ಮೆ ಹೊಸ ಕೆಟ್ಟ ಸುದ್ದಿ ಓದುತ್ತ ಹೋದರೆ ಆಯಿತು. ಹಿರಿಯ ನಿರ್ದೇಶಕರನ್ನೇ ಸುದ್ದಿ ಓದಲು ಕೂರಿಸಿ. ಅನುಮಾನಿಸುವವರೇ ಒಳ್ಳೆಯ ಪ್ರಶ್ನೆ ಕೇಳುತ್ತಾರೆ.

ಅದೇ ಮೇಜಿನ ಮೇಲೆ ವರದಿ ಮಾಡುವುದನ್ನೂ ಅಭ್ಯಾಸ ಮಾಡಿ. ನೀವು ಬ್ಯಾಂಕಲ್ಲವಾದ್ದರಿಂದ ರಿಸರ್ವ್ ಬ್ಯಾಂಕಿನ ಸೈಬರ್ ನಿಯಮಗಳು ನಿಮಗೆ ನೇರವಾಗಿ ಅನ್ವಯಿಸವು. ಆದರೆ ಸಹಕಾರಿಯೂ ಕಾನೂನಿನ ಕಣ್ಣಿನಲ್ಲಿ ನಿಗಮಿತ ಸಂಸ್ಥೆ. ಹಾಗಾಗಿ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ನಿಮಗೂ ಇದೆ: ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ಕಂಪ್ಯೂಟರುಗಳಲ್ಲಿ ಯಾವಾಗ ಏನು ನಡೆಯಿತು ಎಂಬ ದಾಖಲೆಗಳನ್ನು (ಲಾಗ್) 180 ದಿನ ಉಳಿಸಿಕೊಳ್ಳಬೇಕು. ಅದರ ನಮೂನೆಯನ್ನು ಮೊದಲೇ ಮುದ್ರಿಸಿ ಒಮ್ಮೆ ತುಂಬಿ ನೋಡಿ; ಸರ್ವರಿನ ಹೆಸರು, ಐಪಿ ವಿಳಾಸದ ಜಾಗ ಬಂದಾಗ ಯಾರಿಗೂ ಗೊತ್ತಿಲ್ಲ ಎಂಬುದು ಅಲ್ಲೇ ತಿಳಿಯುತ್ತದೆ. ಹಣವೂ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ದೂರಿಗೆ ಸೈಬರ್ ಅಪರಾಧಗಳನ್ನು ನೋಡುವ ಯಾದಗಿರಿಯ ಸಿ.ಇ.ಎನ್. ಪೊಲೀಸ್ ಠಾಣೆ. ಸೋಂಕು ಕಂಡ ಕಂಪ್ಯೂಟರಿನ ನೆಟ್‌ವರ್ಕ್ ವೈರ್ ಕೀಳಿ, ವೈಫೈ ಇದ್ದರೆ ಅದನ್ನೂ ಆರಿಸಿ. ಯಂತ್ರವನ್ನು ಮಾತ್ರ ಆರಿಸಬೇಡಿ, ಅದರ ನೆನಪಿನಲ್ಲಿರುವ ಸುಳಿವು ಅಳಿದುಹೋಗುತ್ತದೆ. ಇಷ್ಟನ್ನು ದಪ್ಪಕ್ಷರದಲ್ಲಿ ಬರೆದು ಪ್ರತಿ ಶಾಖೆಯ ಗೋಡೆಗೆ ಹಚ್ಚಿ, ಕಂಪ್ಯೂಟರಿನೊಳಗೆ ಇಡಬೇಡಿ.

ಈ ತಿಂಗಳು ಬ್ಯಾಕಪ್ ಇಳಿಸಿ ನೋಡುವುದು, ಮುಂದಿನ ತಿಂಗಳು ಮೇಜಿನ ಅಭ್ಯಾಸ, ಕಂಪನಿ ಆಮೇಲೆ ಬರಲಿ. ಮಾರ್ಚ್ ಕೊನೆ ಬೇಡ, ಭತ್ತ ಮತ್ತು ಹತ್ತಿಯ ದುಡ್ಡು ಓಡಾಡುವ ವಾರಗಳೂ ಬೇಡ. ಯಾವುದಾದರೂ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಇಟ್ಟುಕೊಳ್ಳಿ. ಏನಾದರೂ ಎಡವಟ್ಟಾದರೆ ಸರಿಪಡಿಸಲು ಭಾನುವಾರ ಕೈಯಲ್ಲಿರುತ್ತದೆ. ಹಿಂದಿನ ಸಂಜೆ ಒಂದು ಬ್ಯಾಕಪ್ ತೆಗೆದು, ಡಿಸ್ಕ್ ಬಿಚ್ಚಿ, ತಿಜೋರಿಗೆ ಹಾಕಿ ಕೀಲಿ ಹಾಕಿದ ಮೇಲೆಯೇ ಪರೀಕ್ಷಕರನ್ನು ಒಳಗೆ ಬಿಡಿ.